ಹುರಿಹಿಟ್ಟಿನ ಬ್ಲಾಗಿಗೆ ಬಂದ ಮೊದಲ ಫೋನು

ಮಧುಗಿರಿಯ ನಮ್ಮ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ನಾನೂ ನನ್ನ ಓರಗಿತ್ತಿಯೂ ರಾಗಿಯ ಅರಳು ಹುರಿದು ಬೀಸುವ ಹುರಿಹಿಟ್ಟಿನ ವ್ಯಾಪಾರ ಶುರುಮಾಡಿದೆವು. ಇದಕ್ಕೆ ಸ್ಟಾರ್ಟಪ್ ಅನ್ನುತ್ತಾರೆಂದು ತಿಳಿದದ್ದು ಕೊರಟಗೆರೆಯ ತರಬೇತಿಯಲ್ಲಿ. ಅಲ್ಲಿ ಪಾಠ ಹೇಳಿದ ಹುಡುಗಿ, "ದಿನಾ ಬ್ಲಾಗ್ ಬರೀರಿ ಆಂಟಿ. ಓದ್ತಾ ಓದ್ತಾ ಜನ ನಂಬ್ತಾರೆ, ನಂಬಿದವ್ರು ಕೊಂಡ್ಕೊತಾರೆ" ಎಂದಿದ್ದಳು. ದಿನದ ಸಂಗತಿ ಬರೆದಿಡುವುದು ನನಗೆ ಮೊದಲಿಂದಲೂ ಅಭ್ಯಾಸ. ಹಾಗಾಗಿ ಬರೆಯುವುದು ನನ್ನ ಪಾಲಿಗೆ, ಅಂಗಡಿ ಅಂಗಡಿ ಸುತ್ತುವುದು ಓರಗಿತ್ತಿಯ ಪಾಲಿಗೆ ಬಂತು. ನನ್ನ ಮಾತು ನಂಬಿ ಅವಳು ಗಾರ್ಮೆಂಟ್ಸಿನ ಕೆಲಸ ಬಿಟ್ಟು ಬಂದಿದ್ದಳು.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೆ. ರಾಗಿಯಲ್ಲಿ ಕಲ್ಲು ಹೇಗೆ ತೆಗೆಯಬೇಕು, ತೊಳೆದ ಮೇಲೆ ಎಷ್ಟು ಮಜ್ಜಿಗೆ ಚಿಮುಕಿಸಬೇಕು, ಬಟ್ಟೆಯಲ್ಲಿ ಕಟ್ಟಿಟ್ಟು ಮರುದಿನ ನೆರಳಲ್ಲಿ ಯಾವ ಹದಕ್ಕೆ ಆರಿಸಬೇಕು, ಬಾಣಲೆ ಕಾದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲವನ್ನೂ ಬರೆದೆ. ಪ್ರತಿ ಬರಹದ ಕೆಳಗೆ ನಮ್ಮ ಫೋನ್ ನಂಬರು ಹಾಕುತ್ತಿದ್ದೆ. ಓದುವವರು ದಿನದಿನಕ್ಕೆ ಹೆಚ್ಚಿದರು. ಶಿರಾದಿಂದ ಒಬ್ಬರು, "ನಿಮ್ಮ ಹಾಗೇ ಮಾಡಿದೆ ಅಕ್ಕ, ಮಕ್ಕಳು ಮತ್ತೆ ಮತ್ತೆ ಕೇಳಿದರು" ಎಂದು ಬರೆದರು. ಕೊಡಿಗೇನಹಳ್ಳಿಯ ಹೆಂಗಸೊಬ್ಬರು ತಾವು ಹುರಿದ ಅರಳಿನ ಫೋಟೋ ಕಳಿಸಿದರು. ಮಲ್ಲಿಗೆ ಮೊಗ್ಗಿನಂತೆ ಬಿರಿದಿತ್ತು. ಖುಷಿಯಾಗಿ ಓರಗಿತ್ತಿಗೆ ತೋರಿಸಿದೆ.

ಅವಳು ಫೋಟೋ ನೋಡಿ ಫೋನು ವಾಪಸು ಕೊಟ್ಟಳು. "ಚೆನ್ನಾಗೈತೆ. ಪ್ಯಾಕೆಟ್ ಯಾರು ಕೇಳವ್ರೆ?"

ಯಾರೂ ಕೇಳಿರಲಿಲ್ಲ. ಅವಳು ಸುತ್ತಿದ ಅಂಗಡಿಗಳವರೂ ಆಮೇಲೆ ನೋಡೋಣ ಎಂದು ಕಳಿಸಿದ್ದರು.

"ಅಕ್ಕ, ನೀನು ಅಂಗಡಿ ಇಕ್ಕಿದ್ಯೋ ಇಸ್ಕೂಲ್ ಇಕ್ಕಿದ್ಯೋ? ಊರಿಗೆಲ್ಲ ಮಾಡೋದು ಕಲಿಸ್ಬುಟ್ಟು, ಬಂದು ಕೊಂಡ್ಕಳಿ ಅಂದ್ರೆ ಯಾವಳು ಬತ್ತಾಳೆ?"

ಅವಳು ಹೇಳಿದ್ದು ಸರಿಯೇ. ಮರುದಿನದಿಂದ ಮಾಡುವ ವಿಧಾನ ನಿಲ್ಲಿಸಿ ನಮ್ಮ ಪ್ಯಾಕೆಟ್ಟಿನ ಗುಣ ಬರೆದೆ. ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ್ದು. ಬರೆಯುವಾಗ ನನ್ನ ಹಿಟ್ಟನ್ನು ನಾನೇ ಹೊಗಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಓದುವವರು ಒಬ್ಬೊಬ್ಬರೇ ಕರಗಿದರು. ಕೊನೆಗೆ ನೋಡುತ್ತಿದ್ದವರು ನಮ್ಮ ಯಜಮಾನರೊಬ್ಬರೇ ಇರಬೇಕು.

ಹುರಿಹಿಟ್ಟು ಕಾಯುವ ಪದಾರ್ಥವಲ್ಲ. ತಿಂಗಳು ಕಳೆದರೆ ಘಮ ಹೋಗಿ ಮುಗ್ಗಲು ಬರುತ್ತದೆ. ಮೊದಲು ಕಟ್ಟಿದ ಪ್ಯಾಕೆಟ್ಟುಗಳನ್ನು ಬಿಚ್ಚಿ ಮೂಸಿ ನೋಡಿ, ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬಂದೆವು. ಆ ವಾರವೇ ಗಾರ್ಮೆಂಟ್ಸಿನ ಸೂಪರ್‌ವೈಸರ್ ಅವಳಿಗೆ ಫೋನ್ ಮಾಡಿದ. ಸೋಮವಾರ ಬಂದರೆ ಹಳೆಯ ಮೆಷೀನೇ ಸಿಗುತ್ತದೆ, ಇಲ್ಲದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದನಂತೆ.

"ಭಾನುವಾರದ ತನಕ ನೋಡಾಣ. ಒಂದಾರ ಆರ್ಡರ್ ಬರ್ಲಿ, ನಾನು ಹೋಗಲ್ಲ" ಎಂದಳು.

ಆ ನಾಲ್ಕಾರು ದಿನ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮುದ್ದೆ ತಿರುವಿದೆ. ಆರ್ಡರ್ ಬಂದರೆ ಇರಲಿ ಎಂದು ಭಾನುವಾರ ಮತ್ತೆ ರಾಗಿ ತೊಳೆದು ಮಜ್ಜಿಗೆ ಚಿಮುಕಿಸುತ್ತಿದ್ದೆವು. ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಓರಗಿತ್ತಿ ಒದ್ದೆ ಕೈಯಲ್ಲೇ ಸ್ಪೀಕರ್ ಒತ್ತಿದಳು. ತೆಲುಗು ಬೆರೆತ ಹೆಣ್ಣು ದನಿ.

"ಅಕ್ಕಾ, ಬ್ಲಾಗು ಬರೀತೀರಲ್ಲ, ನೀವೇನಾ? ನಾವು ಪಾವಗಡದ ಕಡೆಯೋರು, ಕ್ಯಾತಗಾನಚೆರ್ಲು. ನಮ್ಮ ಹೊಲ ಸೋಲಾರ್ ಪಾರ್ಕಿಗೆ ಕೊಟ್ಬಿಟ್ವಿ ಕದಾ, ಮನೆ ರಾಗಿ ಲೇದು. ಅಂಗಡಿ ರಾಗಿ ತಂದು ಹುರಿದ್ರೆ ಅರಳ್ತಾನೇ ಇಲ್ಲ. ಏಮೋ ತಪ್ಪು ಮಾಡಿದ್ದೀನಿ."

"ಹಳೇ ರಾಗಿ ಇರ್ಬೇಕು ಕಣಮ್ಮ" ಎಂದೆ. "ಒಣಗೋಗಿರ್ತದೆ. ಮಜ್ಜಿಗೆ ಒಂಚೂರು ಜಾಸ್ತಿ ಹಾಕು. ಬಟ್ಟೆ ಬಿಗಿಯಾಗಿ ಕಟ್ಟು. ಬಾಣ್ಲಿಗೆ ಒಂದೊಂದೇ ಹಿಡಿ ಹಾಕು, ಆಸೆಪಟ್ಟು ಸುರೀಬ್ಯಾಡ." ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. "ದೇವ್ರು ಒಳ್ಳೇದು ಮಾಡ್ಲಿ ಅಕ್ಕಾ" ಎಂದು ಇಟ್ಟಳು.

ಓರಗಿತ್ತಿ ರಾಗಿಯ ತಪ್ಪಲೆಯನ್ನೇ ನೋಡುತ್ತ ಕೂತಿದ್ದಳು.

"ಮನೇಲಿ ರಾಗಿ ಇಲ್ಲ ಅಂದ್ಲು. ಮಾಡಕ್ಕೆ ಬತ್ತಿಲ್ಲ ಅಂದ್ಲು. ನಮ್ಮತ್ರ ಐತೆ ಅಂತ ಒಂದು ಮಾತು ಅನ್ಲಿಲ್ಲವಲ್ಲಕ್ಕ ನೀನು."

ನಮ್ಮ ಕಡೆ ಹೆಂಗಸೊಬ್ಬಳು ಹೆಂಗೆ ಮಾಡೋದು ಎಂದು ಕೇಳಿದರೆ ಹೇಳಿಕೊಡುತ್ತೇವೆ. ದುಡ್ಡು ಕೊಟ್ಟು ತಗೋ ಎನ್ನುವ ಮಾತು ಆ ಹೊತ್ತಿನಲ್ಲಿ ಬಾಯಿಗೇ ಬರುವುದಿಲ್ಲ. ಬರಬೇಕಿತ್ತು. ಓರಗಿತ್ತಿ ಬೈದಿದ್ದರೆ ಹಗುರಾಗುತ್ತಿತ್ತು. ಬೈಯದೆ ಕೈ ಒರೆಸಿಕೊಂಡು ಅಂಗಳಕ್ಕೆ ಹೋದಳು. "ನಾಳೆ ಬತ್ತೀನಿ ಸಾರ್" ಎಂದು ಫೋನಿನಲ್ಲಿ ಹೇಳಿದ್ದು ನನಗೆ ಒಳಗೇ ಕೇಳಿಸಿತು.

ಸೋಮವಾರ ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನು ಹತ್ತುವಾಗ ಅವಳ ಡಬ್ಬಿಗೆ ಹುರಿಹಿಟ್ಟು, ಬೆಲ್ಲ, ಕಾಯಿತುರಿ ಕಲಸಿ ಹಾಕಿಕೊಟ್ಟೆ. ತಗೊಂಡಳು. "ನೆನೆಸಿರೋ ರಾಗಿ ಕೆಟ್ಟೋಗ್ತದೆ, ಹುರಿದುಬುಡು" ಎಂದಷ್ಟೇ ಹೇಳಿದಳು.

ಹುರಿಯುವುದು ಇಬ್ಬರ ಕೆಲಸ. ಒಬ್ಬರು ಕೈಯಾಡಿಸಬೇಕು, ಅರಳಿದ ತಕ್ಷಣ ಇನ್ನೊಬ್ಬರು ಜರಡಿ ಹಿಡಿಯಬೇಕು. ಇಳಿಹೊತ್ತಿಗೆ ರಾಗಿ ಆರಿದ ಮೇಲೆ ಒಬ್ಬಳೇ ಮಾಡಲು ಹೋಗಿ ಮೊದಲ ಹಿಡಿ ಸೀದಿತು, ಎರಡನೆಯದು ಅರಳುವ ಮೊದಲೇ ಇಳಿಸಿಬಿಟ್ಟೆ. ನಡುವೆ ಫೋನು ಬಡಿದುಕೊಂಡಿತು. ಬಾಣಲೆ ಬಿಟ್ಟು ಏಳುವಂತಿರಲಿಲ್ಲ. ಒಲೆ ಆರಿಸಿದ ಮೇಲೆ ನಾನೇ ತಿರುಗಿ ಮಾಡಿದೆ. ಕ್ಯಾತಗಾನಚೆರ್ಲುವಿನವಳೇ.

"ಅರಳ್ತಕ್ಕಾ. ನಮ್ಮ ಬೀದಿಯೋರೆಲ್ಲ ಬಂದು ಹೆಂಗೆ ಅಂತ ಕೇಳ್ತಾವ್ರೆ, ಅಂದರಿಕೂ, ಎಲ್ಲರ್ಗೂ ಹೇಳ್ಕೊಟ್ಟೆ."

ನಮ್ಮತ್ರ ಪ್ಯಾಕೆಟ್ ಐತೆ ಅಂತ ಈ ಸಲ ಹೇಳಲೇಬೇಕೆಂದು ಬಾಯಿ ತೆರೆದೆ. ಸೀದ ರಾಗಿಯ ಹೊಗೆ ಇನ್ನೂ ಕೋಣೆಯಲ್ಲಿತ್ತು, ಕೆಮ್ಮು ಬಂತು.

"ಎರಡು ಸಲ ಜರಡಿ ಹಿಡಿದ್ಯಾ?" ಎಂದು ಕೇಳಿದೆ.