ಪಟ್ಟೆ ಕೋಲು ಕಾಣದ ಮೂರನೇ ತಿರುವು

ಕಳೆದ ವರ್ಷ ನಮ್ಮ ಯಸಳೂರಿನ ಗದ್ದೆಯಲ್ಲಿ ಕಾರ್ ರೇಸಿನ ಫೈನಲ್ ನಡೆದ ಭಾನುವಾರದ ಸಂಗತಿ ಇದು. ಭತ್ತದ ಕೊಯ್ಲು ಮುಗಿದಿತ್ತು. ಕಾಫಿ ಕುಯ್ಲೂ ಮುಗಿದು ಜನಕ್ಕೆ ಸ್ವಲ್ಪ ಬಿಡುವಾಗಿತ್ತು. ಆ ದಿನ ಕಂಡದ್ದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವ ಭರದಲ್ಲಿ ಅಲ್ಲಿ ಇಲ್ಲಿ ಒಂದು ಮಾತು ಹೆಚ್ಚು ಕಡಿಮೆ ಆಗಿರಬಹುದು. ಇಲ್ಲಿ ಮಾತ್ರ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಜಮೀನು ಅಳೆಯುವವನು. ಸುತ್ತಮುತ್ತಲಿನವರು ‘ಸರ್ವೆ ಚಂದ್ರಣ್ಣ’ ಎನ್ನುತ್ತಾರೆ. ರೇಸಿನ ಕಮಿಟಿಯವರು ಪ್ರತಿ ವರ್ಷ ನನ್ನನ್ನು ಕರೆದು ಗದ್ದೆಯಲ್ಲಿ ಓಟದ ದಾರಿ ಅಳೆಸುತ್ತಾರೆ. ಅಳತೆ ಮುಗಿದ ಮೇಲೆ ಮೂರನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸವೂ ನನ್ನದೇ. ಅಪಾಯವಾದರೆ ಕೆಂಪು ಬಾವುಟ ಎತ್ತಬೇಕು. ಅದನ್ನು ಕಂಡ ಡ್ರೈವರ್ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದವನಿಗೆ ಇನ್ನೊಮ್ಮೆ ಓಡಲು ಅವಕಾಶ ಉಂಟು. ಬಾವುಟವಿಲ್ಲದೆ ತಾನಾಗಿ ನಿಲ್ಲಿಸಿದರೆ ಅವನ ಓಟ ಅಲ್ಲಿಗೇ ಮುಗಿಯಿತು.

ಬೇರೆಯವರು ನೆರಳು ಹುಡುಕಿಕೊಂಡು ಅತ್ತಿತ್ತ ಹೋಗುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ಬದುವಿನ ಮೇಲೆ ಒಂದು ಗೂಟ ಹೊಡೆದು, ಅದರ ಪಕ್ಕದಲ್ಲಿ ಅಳತೆಗೆ ಬಳಸುವ ಕೆಂಪು ಬಿಳಿ ಪಟ್ಟೆಯ ಆರಡಿ ಕೋಲು ನೆಟ್ಟು, ಸಂಜೆಯವರೆಗೆ ಅಲ್ಲೇ ನಿಲ್ಲುತ್ತೇನೆ. ‘ಚಂದ್ರಣ್ಣಂಗೆ ಬೇರು ಬಿಟ್ಟೈತೆ’ ಎಂದು ನಗುತ್ತಾರೆ. ನಗಲಿ.

ನಮ್ಮಲ್ಲಿ ರೇಸಿನ ಹುಚ್ಚು ಎಷ್ಟು ಅಂದರೆ, ಚುನಾವಣೆಗೆ ಕೂಡ ಅಷ್ಟು ಜಗಳ ಆಗುವುದಿಲ್ಲ. ಹಳೆಯ ಕಾರುಗಳ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪಿನ ಪಂಜರ ಕೂರಿಸಿ ಓಡಿಸುತ್ತಾರೆ. ಆ ವರ್ಷ ಇಬ್ಬರದೇ ಮಾತು. ಒಬ್ಬ ನಮ್ಮೂರಿನ ಚೇತನ್. ಕಾಫಿ, ಮೆಣಸು ಬೆಳೆಯುವ ಮನೆಯ ಹುಡುಗ. ನಾನು ಅವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲೆ. ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತುವುದೇ ಇಲ್ಲ ಎಂದು ಹೆಸರಾದವನು. ಇನ್ನೊಬ್ಬ ಸಕಲೇಶಪುರದ ರಿಯಾಜ್. ವಾರವೆಲ್ಲ ಕಾಫಿ ಲೋಡಿನ ಲಾರಿ ಓಡಿಸಿ, ಭಾನುವಾರ ರೇಸಿಗೆ ಬರುವವನು. ಬಾಳ್ಳುಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಲೋಕೇಶ ಅವನ ಟೀಮು ನೋಡಿಕೊಳ್ಳುತ್ತಿದ್ದ.

ವಾಟ್ಸಾಪ್ ಗ್ರೂಪಿನಲ್ಲಿ ನಾನೂ ಲೋಕೇಶನೂ ದಿನಾ ಕಿತ್ತಾಡುತ್ತಿದ್ದೆವು. “ನಿಮ್ಮ ರಿಯಾಜ್ ಕಾರಲ್ಲೂ ಮೂಟೆ ಹೇರ್ಕೊಂಡೇ ಬರ್ತಾನೇನೋ, ತಿರುವು ಬಂದ್ರೆ ಸಾಕು ಬ್ರೇಕು” ಎಂದು ನಾನು ಬರೆದರೆ, “ನಿಮ್ಮ ಚೇತನ್ ಕಾರಲ್ಲಿ ಬ್ರೇಕ್ ಪೆಡಲ್ ಇರೋದು ಶೋಕಿಗೆ ಕಣಣ್ಣ” ಎಂದು ಅವನು ಬರೆಯುತ್ತಿದ್ದ.

ಅದರ ಮೇಲೆ ಕಮಿಟಿ ಪದ್ಧತಿ ಬದಲಾಯಿಸಿತ್ತು. ಮೊದಲು ಮೂರು ಗದ್ದೆಗಳ ರೇಸಿನ ಅಂಕ ಕೂಡಿಸಿ, ಹೆಚ್ಚು ಬಂದವನಿಗೆ ಕಪ್ ಕೊಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಅಂಕದಲ್ಲಿ ಮೊದಲ ಇಬ್ಬರು ಮಾತ್ರ ಕೊನೆಯ ದಿನ ಮೂರು ಸುತ್ತು ಓಡಬೇಕು. ಕಡಿಮೆ ಸಮಯ ತೆಗೆದುಕೊಂಡವನಿಗೆ ಕಪ್. ಇಬ್ಬರೂ ಮುಗಿಸದಿದ್ದರೆ ಮಾತ್ರ ಅಂಕ ನೋಡುವುದು. ವರ್ಷದ ಬೆವರನ್ನು ಮೂರು ನಿಮಿಷದಲ್ಲಿ ಅಳೆಯುವುದು ತಪ್ಪು ಎಂದು ನಾನು ಗ್ರೂಪಿನಲ್ಲಿ ಉದ್ದುದ್ದ ಬರೆದೆ. ನಿಜ ಹೇಳಬೇಕೆಂದರೆ ಅಂಕದಲ್ಲಿ ಚೇತನ್ ಮುಂದಿದ್ದ. ರಿಯಾಜ್ ಮುಂದಿದ್ದರೆ ಬಹುಶಃ ಹೊಸ ಪದ್ಧತಿಯೇ ಚೆನ್ನಾಗಿದೆ ಅನ್ನುತ್ತಿದ್ದೆನೋ ಏನೋ.

ಬೆಳಿಗ್ಗೆ ಇಬ್ಬರೂ ಪ್ರಾಕ್ಟೀಸಿಗೆ ಮೂರು ಮೂರು ಸುತ್ತು ಓಡಿದ್ದರು, ಕಮಿಟಿಯವರು ಸಮಯ ಬರೆದಿಟ್ಟಿದ್ದರು. ಫೈನಲ್ ಓಟ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಬೆಳಿಗ್ಗೆ ತೋಟದ ಸ್ಪ್ರಿಂಕ್ಲರ್ ತಂದು ದಾರಿಗೆ ನೀರು ಹೊಡೆಸಿದ್ದರು. ಅಷ್ಟು ಹೊತ್ತಿಗೆ ಎಲ್ಲ ಒಣಗಿ ಧೂಳು ಏಳುತ್ತಿತ್ತು. ಹಿಂದಿನವನಿಗೆ ದಾರಿ ಕಾಣಲಿ ಎಂದು ಮೊದಲು ಚೇತನನನ್ನು ಬಿಟ್ಟು, ಅರ್ಧ ನಿಮಿಷದ ನಂತರ ರಿಯಾಜನನ್ನು ಬಿಟ್ಟರು.

ನನ್ನ ತಿರುವಿನ ವಿಷಯ ಹೇಳಬೇಕು. ಉದ್ದನೆಯ ಗದ್ದೆಯ ತುದಿಯಲ್ಲಿ ದಾರಿ ಎಡಕ್ಕೆ ಹೊರಳಿ ಒಂದು ದೊಡ್ಡ ಬಿದಿರು ಮೆಳೆಯ ಹಿಂದೆ ಹೋಗುತ್ತದೆ. ಮೆಳೆಯ ಆಚೆ ಏನಿದೆ ಎಂದು ಬರುವ ಕಾರಿಗೂ ಕಾಣುವುದಿಲ್ಲ, ದೂರದಲ್ಲಿ ಕೂತ ಜನಕ್ಕೂ ಕಾಣುವುದಿಲ್ಲ. ನನ್ನ ಬದು, ಗೂಟ, ಕೋಲು ಆ ತಿರುವಿನ ಬಾಯಲ್ಲೇ ಇದ್ದವು. ಬದುವಿನ ಹಿಂದೆ ಒಣಗಿದ ಕಾಲುವೆ.

ಎರಡು ಸುತ್ತು ಇಬ್ಬರೂ ಚೆನ್ನಾಗಿ ಹೋದರು. ಕೊನೆಯ ಸುತ್ತಿನಲ್ಲಿ ಚೇತನ್ ಬಂದ ವೇಗ ನೋಡಿ ನಾನು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದೆ. ಬಾವುಟ ಹಿಡಿದವನು ಮಾಡಬಾರದ ಕೆಲಸ. ಆದರೆ ಮಾಡಿದೆ. ಕಾರು ತಿರುಗಲಿಲ್ಲ, ಅಡ್ಡಡ್ಡ ಜಾರಿತು. ಮುಂದಿನ ಚಕ್ರ ಬದುವಿಗೆ ಬಡಿದ ಸದ್ದು ಕೇಳಿತು. ನಾನು ಹಿಂದಕ್ಕೆ ಹಾರಿದೆನೋ ಬಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಾಲುವೆಯಲ್ಲಿ ಅಂಗಾತ ಬಿದ್ದಿದ್ದೆ. ಬಾಯಿ ತುಂಬ ಮಣ್ಣು. ಪಟ್ಟೆ ಕೋಲು ಬಾಗಿ ನನ್ನ ಕಾಲ ಬಳಿ ಬಿದ್ದಿತ್ತು.

ಎದ್ದು ಬದು ಹತ್ತಿ ನೋಡಿದೆ. ಚೇತನನ ಕಾರು ಮೆಳೆಯ ಆಚೆ ದಾರಿಯ ನಡುವೆ ಮಗ್ಗುಲಾಗಿ ಮಲಗಿತ್ತು. ಮೇಲಿನ ಕಿಟಕಿಯಿಂದ ಅವನು ಹೊರಬರಲು ಒದ್ದಾಡುತ್ತಿದ್ದ. ನನ್ನ ಕತ್ತಿನಲ್ಲಿ ಸೀಟಿ ಇತ್ತು. ಬಾವುಟ ಕಾಲುವೆಯಲ್ಲಿ, ಕೈಗೆ ಎಟುಕುವಷ್ಟು ದೂರದಲ್ಲಿ ಬಿದ್ದಿತ್ತು. ಎರಡನ್ನೂ ಮರೆತು “ಚೇತೂ” ಎಂದು ಕೂಗುತ್ತಾ ಕಾರಿನ ಕಡೆ ಓಡಿದೆ.

ಅರ್ಧ ದಾರಿಗೆ ಹೋದಾಗ ಹಿಂದಿನಿಂದ ರಿಯಾಜನ ಕಾರಿನ ಸದ್ದು ಕೇಳಿತು. ಅಲ್ಲಿಯವರೆಗೆ ಅವನ ನೆನಪೇ ನನಗೆ ಇರಲಿಲ್ಲ. ತಿರುಗಿ ನೋಡಿದರೆ ಬರೀ ಧೂಳು. ಓಡಬೇಕು ಅನಿಸಿತು, ಯಾವ ಕಡೆಗೆ ಎಂದು ತಿಳಿಯದೆ ಅಲ್ಲೇ ನಿಂತೆ. ಆಗ ಇದ್ದಕ್ಕಿದ್ದಂತೆ ಇಂಜಿನ್ನಿನ ಸದ್ದು ಇಳಿಯಿತು. ಧೂಳಿನೊಳಗಿಂದ ಕಾರಿನ ಮೂತಿ ನಿಧಾನವಾಗಿ ಹೊರಬಂದು ನನ್ನ ಮುಂದೆ ನಿಂತಿತು. ಕೈ ಚಾಚಿದ್ದರೆ ಬಾನೆಟ್ ಮುಟ್ಟಬಹುದಿತ್ತು. ಆಮೇಲೆ ಟೇಪು ಹಿಡಿದು ನೋಡಿದೆ. ಅವನ ಬಂಪರಿನಿಂದ ಚೇತನನ ಕಾರಿಗೆ ಹನ್ನೊಂದು ಅಡಿ. ಆ ಹನ್ನೊಂದು ಅಡಿಯ ನಡುವೆ ನಾನು ನಿಂತಿದ್ದೆ.

ರಿಯಾಜ್ ಇಳಿದು ನನ್ನನ್ನು ದಾಟಿ ಹೋಗಿ, ಕಾರಿನ ಸ್ವಿಚ್ ಆರಿಸಿ, ಚೇತನನನ್ನು ಎಳೆದು ಕೂರಿಸಿದ. ಪೆಟ್ರೋಲ್ ವಾಸನೆ ಬರುತ್ತಿತ್ತು. “ಸಾರ್, ಹಿಂದೆ ಕಮಿಟಿ ಜೀಪು ಬತ್ತೈತೆ, ಬಾವುಟ ಎತ್ತಿ ಸಾರ್” ಎಂದ. ಆಗ ನಾನು ಕಾಲುವೆಗೆ ಇಳಿದು ಬಾವುಟ ಹುಡುಕಿ, ಬದು ಹತ್ತಿ ಎತ್ತಿ ಹಿಡಿದೆ. ಧೂಳು ಇಳಿದಾಗ ದೂರದ ಜನಕ್ಕೆಲ್ಲ ಕಂಡದ್ದು ಅದೇ ಕೆಂಪು ಬಾವುಟ.

ಚೇತನನಿಗೆ ಭುಜದ ಹತ್ತಿರ ಪೆಟ್ಟಾಗಿತ್ತು. ಅಲ್ಲೇ ಇದ್ದ ಡಾಕ್ಟರು ಮೂಳೆ ಮುರಿದಿಲ್ಲ ಎಂದು ಹೇಳಿ ಟವಲಿನಲ್ಲಿ ಕೈ ಕಟ್ಟಿದರು. ಹತ್ತು ನಿಮಿಷದಲ್ಲಿ ಎಲ್ಲರೂ ಕಮಿಟಿಯ ಪೆಂಡಾಲಿನಲ್ಲಿ ಸೇರಿದರು. ಅಧ್ಯಕ್ಷರು ಮಂಜೇಗೌಡರು, ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್ ಆಗಿ ನಿವೃತ್ತರಾದವರು. ಪುಸ್ತಕ ತೆರೆದು, ಪೆನ್ನು ಹಿಡಿದು, ನನ್ನ ಮುಖ ಕೂಡ ನೋಡದೆ, “ಚಂದ್ರಣ್ಣ, ಬಾವುಟ ತೋರ್ಸಿದ್ರಿ, ಅದಕ್ಕೆ ರಿಯಾಜ್ ನಿಲ್ಲಿಸ್ದ. ಇನ್ನೊಂದ್ಸಲ ಓಡ್ತಾನೆ. ಹಂಗೇ ಬರ್ಕೊಳ್ಳಲಾ?” ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಜೀವ ಉಳಿಸಿದವನಿಗೆ ನ್ಯಾಯವೂ ಸಿಗುತ್ತಿತ್ತು, ನಾನು ತಪ್ಪಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಗಡಿ ತಕರಾರಿನಲ್ಲಿ ಎಷ್ಟೋ ಸಲ ಎರಡೂ ಕಡೆಯವರ ನಡುವೆ ನಿಂತು, ಇದ್ದ ಕಲ್ಲನ್ನು ಇದ್ದಲ್ಲೇ ತೋರಿಸಿದವನು ನಾನು. ಬಾಯಿ ತಾನಾಗಿ ಹೇಳಿತು. “ಇಲ್ಲ ಗೌಡ್ರೆ. ಅವನು ನಿಂತ ಮೇಲೆ ನಾನು ಬಾವುಟ ಎತ್ತಿದ್ದು. ಮೊದಲೇ ಎತ್ತಬಹುದಿತ್ತು. ನಾನು ಎತ್ತಲಿಲ್ಲ.”

ಲೋಕೇಶ ಎದ್ದು ನಿಂತ. “ಏನ್ ಮಾರಾಯ ಇದು! ಊರೆಲ್ಲ ಕೆಂಪು ಬಾವುಟ ನೋಡೈತೆ. ಇಬ್ಬರದೂ ಮುಗೀಲಿಲ್ಲ ಅಂತಾದ್ರೆ ಅಂಕದ ಮೇಲೆ ಕಪ್ ಚೇತಂಗೆ ಹೋಗ್ಬುಡುತ್ತೆ. ನಿಮ್ಮೂರೋನು ಗೆಲ್ಲಲಿ ಅಂತ ಹಿಂಗೆ ಹೇಳ್ತಿದೀಯಾ ಚಂದ್ರಣ್ಣ? ಅವನು ನಿಲ್ಲಿಸ್ದೆ ಇದ್ರೆ ನೀನು ಇವತ್ತು ಇಲ್ಲಿ ನಿಂತು ಮಾತಾಡ್ತಿದ್ದಾ?”

ನಮ್ಮೂರಿನವನಿಗಾಗಿ ಹೇಳಿದೆ ಎಂದದ್ದು ಸುಳ್ಳು, ಕೊನೆಯ ಮಾತು ನಿಜ. ಕುರ್ಚಿ ಹಿಡಿದುಕೊಂಡು ಕೂತೆ.

ಮಂಜೇಗೌಡರು ರಿಯಾಜನ ಕಡೆ ತಿರುಗಿದರು. “ನೀನೇ ಹೇಳಪ್ಪ. ಬಾವುಟ ನೋಡಿದ್ಯಾ?”

“ಇಲ್ಲ ಸಾರ್.”

“ಮತ್ತೆ ಯಾಕೆ ನಿಲ್ಲಿಸ್ದೆ?”

ರಿಯಾಜ್ ಸ್ವಲ್ಪ ನಾಚಿಕೊಂಡು ಹೇಳಿದ. “ನಾನು ಲೋಡ್ ಇಟ್ಕೊಂಡು ಘಾಟಿ ಇಳಿಯೋನು ಸಾರ್. ಒಂದೊಂದು ತಿರುವಿಗೂ ಒಂದೊಂದು ಗುರುತು ಇರ್ತದೆ. ಒಂದ್ಕಡೆ ಮರ, ಒಂದ್ಕಡೆ ಮೋರಿ ಕಟ್ಟೆ. ಅದು ಕಂಡ ತಕ್ಷಣ ಬ್ರೇಕು. ಮಳೇಲಿ ಗುಡ್ಡ ಜರುಗಿದ್ರೆ ಗುರುತೂ ಹೋಗಿರ್ತದೆ. ಅದಕ್ಕೆ ಗುರುತು ಕಾಣ್ಲಿಲ್ಲ ಅಂದ್ರೆ ನಾವು ಮೊದ್ಲು ನಿಲ್ಲಿಸ್ತೀವಿ. ಏನಾಗೈತೆ ಅಂತ ಆಮೇಲೆ ಇಳಿದು ನೋಡೋದು. ಈ ಗದ್ದೇಲಿ ನನ್ ಗುರುತು ಸರ್ವೆ ಸಾರ್ ಅವರ ಪಟ್ಟೆ ಕೋಲು. ಬೇರೆಯವರು ಅತ್ತಿತ್ತ ಓಡಾಡ್ತಾರೆ, ಇವರು ಅಲ್ಲಾಡಲ್ಲ. ಮೂರನೇ ಸುತ್ತಲ್ಲಿ ಆ ಕೋಲು ಇರ್ಲಿಲ್ಲ. ನಿಲ್ಲಿಸ್ಬುಟ್ಟೆ.”

ಅವನ ಬ್ರೇಕನ್ನು ಗೇಲಿ ಮಾಡಿ ನಾನು ಬರೆದದ್ದೆಲ್ಲ ಒಂದೊಂದಾಗಿ ನೆನಪಾಯಿತು.

ಮಂಜೇಗೌಡರು ಪುಸ್ತಕ ಮುಚ್ಚಿ, “ರೂಲ್ ಪ್ರಕಾರ ಕಪ್ ಚೇತಂದೇ ಕಣ್ರಪ್ಪ. ನನ್ನ ಕೈಲಿ ಏನೂ ಇಲ್ಲ” ಎಂದರು.

ಆಗ ಚೇತನ್ ಬಾಯಿಬಿಟ್ಟ. “ಗೌಡ್ರೆ, ಕಪ್ ಬೇಡ ಅಂತ ದೊಡ್ಡ ಮಾತಾಡಲ್ಲ. ನಂಗೆ ಬೇಕು. ಆದ್ರೆ ಮಗ್ಗುಲಾಗಿ ಮಲಗಿದ್ದೋನಿಗೆ ಕಪ್ ಅಂದ್ರೆ ನಾಳೆ ಯಸಳೂರು ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯಕ್ಕಾಗಲ್ಲ. ಬೆಳಿಗ್ಗೆ ನಾನು ಓಡಿದ ಟೈಮ್ ಬರ್ದಿದೀರಲ್ಲ, ಅದನ್ನ ಇಟ್ಕೊಳ್ಳಿ. ಅದಕ್ಕಿಂತ ಬೇಗ ಮುಗಿಸಿದ್ರೆ ಕಪ್ ರಿಯಾಜಂದು. ಇಲ್ಲಾಂದ್ರೆ ನಂದು. ನಾನು ಒಪ್ಪಿದ ಮೇಲೆ ನಿಮಗೇನು?” ಬೆಳಿಗ್ಗೆಯ ಅವನ ಸಮಯ ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡು.

ಕಮಿಟಿಯವರು ಒಪ್ಪಿದರು. ನಾನು ಬೇರೆ ಯಾರನ್ನಾದರೂ ಮೂರನೇ ತಿರುವಿಗೆ ಕಳಿಸಿ ಎಂದು ಕೇಳಿಕೊಂಡೆ. ರಿಯಾಜ್ ಹೆಲ್ಮೆಟ್ ಹಿಡಿದು ನನ್ನ ಹತ್ತಿರ ಬಂದ. “ಸಾರ್, ನೀವೇ ನಿಲ್ಲಿ. ಇಲ್ಲಾಂದ್ರೆ ನಾನು ಬ್ರೇಕ್ ಎಲ್ಲಿ ಹಿಡೀಲಿ?”

ಬಾಗಿದ ಕೋಲನ್ನು ಮೊಣಕಾಲಿಗೆ ಒತ್ತಿ ಆದಷ್ಟು ನೆಟ್ಟಗೆ ಮಾಡಿದೆ. ಹಳೆಯ ಗುಣಿಯಲ್ಲೇ ನೆಟ್ಟೆ. ಈ ಸಲ ಎರಡೂ ಕೈಯಲ್ಲಿ ಬಾವುಟ ಹಿಡಿದುಕೊಂಡೆ. ಮೊದಲ ಸುತ್ತಿನಲ್ಲಿ ಕಾರು ನೇರ ನನ್ನ ಕಡೆ ಬರುವಾಗ ಕಣ್ಣು ಮುಚ್ಚಿಹೋಯಿತು. ಬ್ರೇಕಿನ ಸದ್ದು ಕೇಳಿ ತೆರೆದೆ. ಎರಡನೇ ಸುತ್ತಿನಲ್ಲಿ ಮುಚ್ಚಲಿಲ್ಲ. ಮೂರನೇ ಸುತ್ತಿನಲ್ಲಿ, ನಮ್ಮೂರಿನ ಹುಡುಗನ ಕಪ್ಪಿನ ವಿರುದ್ಧ, “ಹೋಗು ಮಾರಾಯ, ಹೋಗು” ಎಂದು ಕೂಗುತ್ತಿದ್ದೆ.

ಮೂರು ನಿಮಿಷ ಇಪ್ಪತ್ತಮೂರು ಸೆಕೆಂಡು. ಒಂದೇ ಒಂದು ಸೆಕೆಂಡಿಗೆ ರಿಯಾಜನಿಗೆ ಕಪ್ ತಪ್ಪಿತು.

ಜನ ಚದುರಿದ ಮೇಲೆ ಟೇಪು ಹಿಡಿದು ತಿರುವಿನಲ್ಲಿ ಚಕ್ರದ ಗುರುತು ನೋಡಿದೆ. ಮೊದಲ ಓಟದಲ್ಲಿ ಅವನ ಬ್ರೇಕಿನ ಗೆರೆ ನನ್ನ ಗೂಟದ ನೇರಕ್ಕೆ ಶುರುವಾಗಿತ್ತು. ಎರಡನೇ ಓಟದ ಗೆರೆಗಳು ಮೂರೂ ಸುತ್ತಿನಲ್ಲಿ ಎಂಟು ಹತ್ತು ಅಡಿ ಮೊದಲೇ ಶುರುವಾಗಿದ್ದವು. ರಿಯಾಜನನ್ನು ಕರೆದು ತೋರಿಸಿದೆ. “ಸೆಕೆಂಡು ಹೋಗಿದ್ದು ಇಲ್ಲಿ” ಎಂದೆ. ಅವನು ಬಗ್ಗಿ ನೋಡಿ ನಕ್ಕ. “ಗೊತ್ತು ಸಾರ್. ನೀವು ಅಲ್ಲಿ ನಿಂತಿದ್ರಲ್ಲ, ಕಾಲು ತಾನಾಗೇ ಬ್ರೇಕಿಗೆ ಹೋಯ್ತು.” ಅಷ್ಟರಲ್ಲಿ ಲೋಕೇಶ ಮೂರು ಲೋಟ ಟೀ ತಂದ. ನನ್ನ ಕೈಗೆ ಒಂದು ಕೊಟ್ಟು, “ಸಕ್ಕರೆ ಜಾಸ್ತಿ ಹಾಕ್ಸಿದೀನಿ, ನಡುಕ ನಿಲ್ಲಲಿ” ಎಂದ.

ಈಗಲೂ ಗ್ರೂಪಿನಲ್ಲಿ ಅದೇ ಜಗಳ ನಡೆಯುತ್ತದೆ. ಅಂಕದ ಪದ್ಧತಿಯೇ ಸರಿ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಯಾರು ದೊಡ್ಡ ಡ್ರೈವರ್ ಎಂದು ಯಾರಾದರೂ ಕೇಳಿದರೆ ಮೊದಲಿನ ಹಾಗೆ ತಟ್ಟನೆ ಬರೆಯುವುದಿಲ್ಲ. ವೇಗಕ್ಕೆ ಚೇತನ್, ಅದರಲ್ಲಿ ಮಾತಿಲ್ಲ. ಆದರೆ ತಿರುವಿನಲ್ಲಿ ನಿಂತವನು ನಾನಾದರೆ, ಬರುವ ಕಾರಿನಲ್ಲಿ ರಿಯಾಜ್ ಇರಲಿ ಎಂದು ಬರೆಯುತ್ತೇನೆ.

ಈ ವರ್ಷ ಸುರಕ್ಷತೆಗೆಂದು ಬಾವುಟದವರನ್ನೆಲ್ಲ ಹತ್ತು ಅಡಿ ಹಿಂದಕ್ಕೆ ನಿಲ್ಲಿಸಲು ಕಮಿಟಿ ತೀರ್ಮಾನಿಸಿತು. ಹೊಸ ಜಾಗದಲ್ಲಿ ಗೂಟ ಹೊಡೆದ ದಿನವೇ ರಿಯಾಜನಿಗೆ ಫೋನ್ ಮಾಡಿ, ಕೋಲು ಹತ್ತು ಅಡಿ ಹಿಂದೆ ಹೋಗಿದೆ, ನೆನಪಿರಲಿ ಎಂದೆ. ಒಬ್ಬನಿಗೆ ಹೇಳಿ ಇನ್ನೊಬ್ಬನಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎಂದು ಚೇತನನಿಗೂ ಮಾಡಿದೆ.

“ಚಂದ್ರಣ್ಣ, ನಾನ್ಯಾವತ್ತು ನಿನ್ ಕೋಲು ನೋಡಿ ಓಡ್ಸಿದೀನಿ?” ಎಂದ.

“ಅದಕ್ಕೇ ಕಣೋ ಬಿದ್ದಿದ್ದು” ಎಂದೆ.

ಅವನು ಜೋರಾಗಿ ನಕ್ಕ. ಆಮೇಲೆ, “ಎಷ್ಟ್ ಅಡಿ ಅಂದೆ?” ಎಂದು ಕೇಳಿದ.