ಕಾಕೂ ಮನೆಯ ಶನಿವಾರ

ಇಳಕಲ್ ಸೀರೆಗೆ ಗಟ್ಟಿ ಕಚ್ಚೆ, ಅದರ ಮೇಲೆ ಗಂಡನ ಹಳೆಯ ಕ್ರಿಕೆಟ್ ಸ್ವೆಟರ್, ಕಾಲಿಗೆ ಉಣ್ಣೆಯ ಕಾಲುಚೀಲ. ಲಂಡನ್ನಿನ ಕೆಂಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಕಾಕೂ ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದುದು ಈ ವೇಷದಲ್ಲಿ. ಅರವತ್ತು ದಾಟಿತ್ತು, ಎಡ ಮಂಡಿ ಬಗ್ಗಿದಾಗಲೆಲ್ಲ ಕಟಕ್ ಎನ್ನುತ್ತಿತ್ತು. ಧಾರವಾಡದವರು, ಡಾಕ್ಟರ್ ಗಂಡನ ಜೊತೆ ಬಂದು ಇಲ್ಲೇ ನೆಲೆಯೂರಿದವರು. ನಾನು ಮೈಸೂರಿನವಳು, ನಮ್ಮ ಕಡೆ ಚಿಕ್ಕಮ್ಮ ಅನ್ನುತ್ತೇವೆ, ಆದರೂ ಬೀದಿಯವರೆಲ್ಲ ಕರೆದಂತೆ ನನಗೂ ಅವರು ಕಾಕೂನೇ.

ಸೋಫಾ ಗೋಡೆಗೆ ಸರಿಸಿ, ಜಮಖಾನ ಹಾಸಿ, ಬೀದಿಯ ಹೆಂಗಸರಿಗೆಲ್ಲ ವ್ಯಾಯಾಮ ಮಾಡಿಸುತ್ತಿದ್ದರು. ಗುಜರಾತಿ ಹೆಂಗಸರು, ಎದುರು ಮನೆಯ ಇಂಗ್ಲಿಷ್ ಅಜ್ಜಿ, ನಮ್ಮಂಥ ಒಂದಿಬ್ಬರು ಕನ್ನಡದವರು. ಅಪ್ಪಣೆ ಮಾತ್ರ ಅಚ್ಚ ಧಾರವಾಡದ್ದು: "ಕೈ ಮ್ಯಾಲ! ಉಸರು ಬಿಡ್ರಿ! ಇನ್ನೂ ಬಿಡ್ರಿ!" ಅರ್ಥವಾಗಲಿಲ್ಲವೆಂದು ಕೈ ಇಳಿಸಿದವರನ್ನು ನಾನಂತೂ ಕಾಣೆ. ಕೊನೆಗೆ ಎಲ್ಲರಿಗೂ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಯಾರಾದರೂ ಸಮೋಸ ತಂದರೆ "ಇದು ನಿಮ್ಮ ಮನಿಯವರಿಗಿರ್ಲಿ" ಎಂದು ಡಬ್ಬಿ ವಾಪಸು.

ಆ ಮನೆಯಲ್ಲಿ ಒಂದು ಕಾಯಿದೆ ಇತ್ತು. ದಪ್ಪಗಾಗಿದ್ದೀ, ಸೊರಗಿದ್ದೀ, ಮಕ್ಕಳು ಯಾವಾಗ ಎಂದೆಲ್ಲ ಯಾರೂ ಯಾರನ್ನೂ ಕೇಳಕೂಡದು. ಕೇಳಿದವರು ಕಿವಿ ಹಿಡಿದು ಐದು ಬಸ್ಕಿ ಹೊಡೆಯಬೇಕು. "ಶಿಕ್ಷಾನೂ ಆತು, ವ್ಯಾಯಾಮಾನೂ ಆತು" ಎನ್ನುತ್ತಿದ್ದರು.

ಈ ಕಾಯಿದೆ ಇರದಿದ್ದರೆ ನಾನು ಮತ್ತೆ ಜನರ ನಡುವೆ ಬರುತ್ತಲೇ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಐದು ತಿಂಗಳ ಬಸಿರು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಯಾರ ಕಣ್ಣಿಗೂ ಬೀಳುವುದು ಬೇಡವಾಗಿತ್ತು. ಕಾಕೂ ಶನಿವಾರ ಶನಿವಾರ ಬಂದು ಬೆಲ್ ಒತ್ತಿದರು, ನಾನು ತೆರೆಯಲಿಲ್ಲ. ಕಡೆಗೊಂದು ದಿನ ತೆರೆದಾಗ, "ಮಾತಾಡಬ್ಯಾಡ. ಬರೇ ಕೈ ಎತ್ತಿ ಇಳಸು, ಬಾ" ಎಂದು ಕೈ ಹಿಡಿದೇ ಕರೆದೊಯ್ದರು.

ಹೋದ ದಿನವೇ ಬೆಂಗಳೂರಿನ ಒಬ್ಬಾಕೆ ಕೇಳಿಬಿಟ್ಟರು: "ಏನಮ್ಮಾ, ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಏನೂ ವಿಶೇಷ ಇಲ್ವಾ?"

ಕಾಕೂ ದನಿಯನ್ನೂ ಏರಿಸಲಿಲ್ಲ. "ಕಿವಿ ಹಿಡಕೋರಿ. ಐದು."

ಆಕೆ ನಾಚಿಕೊಂಡು, ನಗುತ್ತಲೇ ಬಸ್ಕಿ ಶುರು ಮಾಡಿದರು. ಇದೂ ಒಂದು ಯೋಗಾಸನ ಎಂದುಕೊಂಡ ಇಂಗ್ಲಿಷ್ ಅಜ್ಜಿ ತಾನೂ ಕಿವಿ ಹಿಡಿದು ಕುಕ್ಕರಿಸಿದಳು. ಆ ಚಳಿಗಾಲದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಎಲ್ಲರೂ ಹೋದ ಮೇಲೆ ಲೋಟ ತೊಳೆಯಲು ಉಳಿದೆ. ನಮ್ಮ ಮನೆ ಮುಂದೆ ಆಂಬುಲೆನ್ಸ್ ನಿಂತದ್ದನ್ನು ಕಾಕೂ ಕಿಟಕಿಯಿಂದ ಕಂಡಿದ್ದರು. ಅಲ್ಲಿಯವರೆಗೆ ಆ ಬಗ್ಗೆ ಚಕಾರ ಎತ್ತಿರಲಿಲ್ಲ. ಈಗ ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನನ್ನ ಕಾಯ್ದೆ ನಾನ ಮುರೀತೀನಿ ನೋಡವಾ. ಕೂಸಿಗೆ ಏನ ಹೆಸರಿಡಬೇಕಂತ ಮಾಡಿದ್ದಿ?"

ಊರಿಂದ ಫೋನ್ ಮಾಡಿದ ಅಮ್ಮ "ಮರೆತುಬಿಡು" ಅಂದಿದ್ದಳು. ಸಮಾಧಾನ ಹೇಳಿದವರೆಲ್ಲ ಹೇಳಿದ್ದು ಅದನ್ನೇ. ಹೆಸರು ಕೇಳಿದವರು ಯಾರೂ ಇರಲಿಲ್ಲ. ಹೇಳಿದೆ. ಒಳಕೋಣೆಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕೂಗುವ ಹಾಗೆ ಕಾಕೂ ಅದನ್ನು ಒಮ್ಮೆ ಬಾಯಿ ತುಂಬ ಕರೆದರು. "ಚಲೋ ಹೆಸರು" ಅಂದರು. ನಾನು ಸಿಂಕ್ ಹಿಡಿದುಕೊಂಡು ಮನಸಾರೆ ಅತ್ತೆ. ಅಳು ನಿಂತಾಗ ನೋಡಿದರೆ, ಕಾಕೂ ಎರಡೂ ಕಿವಿ ಹಿಡಿದು ಕುಕ್ಕರಿಸಿದ್ದಾರೆ, ಏಳಲಾಗುತ್ತಿಲ್ಲ.

"ಎಬ್ಬಸವಾ. ಉಳದದ್ದು ಮುಂದಿನ ವಾರ."

ಎಬ್ಬಿಸಿದೆ. ಅದಾದ ಮೇಲೆ ಒಂದು ಶನಿವಾರವೂ ತಪ್ಪಿಸಲಿಲ್ಲ. ಕೆಲವು ವರ್ಷಗಳಲ್ಲಿ ಕಾಕೂ ತೀರಿಕೊಂಡರು. ಈಗ ಜಮಖಾನ ಹಾಸುವುದು ನಮ್ಮ ಮನೆಯಲ್ಲಿ. ಬರುವವರು ಹೆಚ್ಚಿದ್ದಾರೆ, ಕಾಯಿದೆ ಸಡಿಲವಾಗಿಲ್ಲ, ಅಂಬಲಿ ಮಾತ್ರ ಅವರ ಹದಕ್ಕೆ ಬರುವುದಿಲ್ಲ. ಮುಂದೆ ನನಗೆ ಇಬ್ಬರು ಮಕ್ಕಳಾದರು. ಆ ಹೆಸರನ್ನು ಅವರಿಗೆ ಇಡಲಿಲ್ಲ. ನಾನಾಗಲಿ ನನ್ನ ಗಂಡನಾಗಲಿ ಮತ್ತೆ ಅದನ್ನು ಎತ್ತಿದ್ದೂ ಇಲ್ಲ. ನನ್ನ ಮೊದಲ ಮಗುವನ್ನು ಹೆಸರು ಹಿಡಿದು ಕರೆದವರು ಈ ಲೋಕದಲ್ಲಿ ಕಾಕೂ ಒಬ್ಬರೇ.