ಮಣ್ಣಿಗೆ ಒರಗಿಸಿದ ಬಕೆಟ್

ಜೆಸಿಬಿ ಓಡಿಸುವವನಿಗೆ ಸ್ವಲ್ಪ ಕೊಬ್ಬು ಇದ್ದೇ ಇರುತ್ತದೆ. ಗಾಡಿ ಸ್ಟಾರ್ಟ್ ಮಾಡಿದರೆ ಸಾಕು, ಹಾಲು ತರಲು ಹೊರಟವರೂ ನಿಂತು ನೋಡುತ್ತಾರೆ. ನನಗೂ ಆ ಕೊಬ್ಬು ಚೆನ್ನಾಗಿಯೇ ಇತ್ತು, ಕುರುಬರಹಳ್ಳಿಯ ಒಂದು ಗಲ್ಲಿಯಲ್ಲಿ ಚರಂಡಿ ಪೈಪಿಗೆ ಹಳ್ಳ ತೋಡಲು ಹೋಗುವವರೆಗೆ.

ಹಳ್ಳ ಎರಡಾಳು ಆಳ ಇತ್ತು. ಪೈಪು ಕೂಡಿಸಲು ಯಾದಗಿರಿ ಕಡೆಯ ಕೆಲಸಗಾರನೊಬ್ಬ ಕೆಳಗಿಳಿದಿದ್ದ. ಒಂದು ಬದಿಯ ಮಣ್ಣು ಸದ್ದೇ ಇಲ್ಲದೆ ಜಾರಿ ಅವನನ್ನು ಎದೆಯವರೆಗೆ ಹೂತುಬಿಟ್ಟಿತು. ಅವನ ತಲೆಯ ಮೇಲೆ ಉಳಿದಿದ್ದ ಮಣ್ಣಿನಲ್ಲೂ ಬಿರುಕು ಅಗಲವಾಗುತ್ತಿತ್ತು. ಅದೂ ಬಿದ್ದರೆ ಅವನ ಕಥೆ ಮುಗಿದ ಹಾಗೆಯೇ.

"ಬಕೆಟ್ ಹಾಕು ಗುರು, ಮಣ್ಣೆತ್ತು!" ಎಂದು ನೋಡುತ್ತಿದ್ದವರಲ್ಲಿ ಯಾರೋ ಕೂಗಿದರು.

"ಅಣ್ಣಾ, ಬಕೆಟ್ ಬ್ಯಾಡ್ರೀ, ಸೀಳಿಬಿಡ್ತದ!" ಎಂದು ಅವನು ಕೆಳಗಿನಿಂದ ಅರಚಿದ. ಅವನು ಹೇಳಿದ್ದು ನಿಜ. ಕಬ್ಬಿಣದ ಹಲ್ಲಿಗೆ ಮಣ್ಣು ಯಾವುದು, ಮೈ ಯಾವುದು ಗೊತ್ತಾಗುವುದಿಲ್ಲ.

ಬಕೆಟ್ಟಿನ ಬೆನ್ನನ್ನು ಆ ಬಿರುಕುಬಿಟ್ಟ ಮಣ್ಣಿಗೆ ಮೆಲ್ಲಗೆ ಒರಗಿಸಿ ನಿಲ್ಲಿಸಿದೆ. ನನ್ನದು ಹಳೇ ಗಾಡಿ; ಇಂಜಿನ್ ಆಫ್ ಮಾಡಿದರೆ ಬಕೆಟ್ ತಾನಾಗಿ ಕೆಳಗೆ ಜಾರುತ್ತಿತ್ತು. ಹಾಗಾಗಿ ಇಂಜಿನ್ ಆನ್ ಇಟ್ಟು, ಲಿವರ್ ಹಿಡಿದು ಕೂತೆ. ಇನ್ನು ನನ್ನ ಕೈಯಲ್ಲಿ ಆಗುವುದು ಏನೂ ಇರಲಿಲ್ಲ.

ಕೆಳಗೆ ಸಲಿಕೆ ಆಡಿಸಲು ಜಾಗವಿಲ್ಲ. ಅವನ ಜೊತೆಗಾರರಿಬ್ಬರು ಏಣಿ ಇಳಿದು ಬರಿಗೈಯಲ್ಲೇ ಬಗೆಯತೊಡಗಿದರು. ಎದುರುಮನೆ ಆಂಟಿ ಒಳಗೆ ಓಡಿ ಸೌಟು, ತಟ್ಟೆ ತಂದರು. "ನಮ್ಮನೇದೂ ತಗೊಳ್ಳಿ, ಇದು ದೊಡ್ದಿದೆ" ಎನ್ನುತ್ತ ಬೀದಿಯವರೆಲ್ಲ ಪಾತ್ರೆ ಹೊತ್ತು ಬಂದರು. ಕೆಳಗಿದ್ದ ಇಬ್ಬರೂ ಅನ್ನ ಬಡಿಸುವ ಸೌಟಿನಲ್ಲಿ ಮಣ್ಣು ಬಗೆದರು. ತುಂಬಿದ ಬೋಗುಣಿ ಕೈಯಿಂದ ಕೈಗೆ ಮೇಲೆ ಬಂತು. ಅಷ್ಟುದ್ದ ಹಳ್ಳವನ್ನು ಬೆಳಗಿನ ತಿಂಡಿಗೆ ಮೊದಲೇ ತೋಡಿ ಬಿಸಾಕಿದ್ದ ಗಾಡಿಯಲ್ಲಿ ಕೂತು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮನುಷ್ಯರ ಕೈಗೆ ಇಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವ ಹಾಗಿರಲಿಲ್ಲ.

ಸೊಂಟ ಕಂಡಿತು, ಆಮೇಲೆ ಮೊಣಕಾಲು. ಕೊನೆಗೆ ಹಗ್ಗ ಕಟ್ಟಿ ಅವನನ್ನು ಮೇಲೆಳೆದುಕೊಂಡರು. ಜೊತೆಗಾರರೂ ಹತ್ತಿ ಬಂದರು. ಮರಗಟ್ಟಿದ್ದ ನನ್ನ ಬೆರಳುಗಳು ಮಾತ್ರ ಏನು ಮಾಡಿದರೂ ಅಲುಗಲಿಲ್ಲ. ಆಂಟಿಯೇ ಗಾಡಿ ಹತ್ತಿ, "ಬಂದ ಕಣಪ್ಪಾ ಅವ್ನು, ಬಿಡು ಇನ್ನ" ಎನ್ನುತ್ತ ಒಂದೊಂದೇ ಬೆರಳನ್ನು ಉಜ್ಜಿ ಬಿಡಿಸಿದರು.

ಆಮೇಲೆ ಬಕೆಟ್ ಎತ್ತಿದೆ. ಎತ್ತಿದ್ದೇ ತಡ, ಗೋಡೆಯಷ್ಟು ಮಣ್ಣು ದೊಪ್ಪೆಂದು ಕುಸಿದು ಹಳ್ಳ ಮುಚ್ಚಿಹೋಯಿತು. ಆಂಟಿಯ ಮನೆ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದ ಅವನು ಅದನ್ನು ನೋಡಿ, ನೆಲದ ಮೇಲಿದ್ದ ಎರಡೂ ಕಾಲುಗಳನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡ.